ಗಾಳ ಹಾಕಲು ಬಾಡಿಗೆ ಬೋಟಿನಲ್ಲಿ ಕಡಲಿಗೆ: ಏನು ತೊಡಬೇಕು, ಏನು ಒಯ್ಯಬೇಕು, ಏನನ್ನು ದಡದಲ್ಲೇ ಬಿಡಬೇಕು

ಮಲ್ಪೆ, ಮುರುಡೇಶ್ವರ, ಕಾರವಾರದ ಕಡೆ ನಾಲ್ಕೈದು ಜನ ಸೇರಿ ಅರ್ಧ ದಿನಕ್ಕೆ ಬೋಟು ಗೊತ್ತುಮಾಡಿಕೊಂಡು ಗಾಳ ಹಾಕಲು ಹೋಗುವವರು ಈಗ ಹೆಚ್ಚಾಗಿದ್ದಾರೆ. ಮೊದಲ ಸಲ ಹೋಗುವವರ ತಯಾರಿಯೆಲ್ಲ ರಾಡು, ರೀಲು, ಗಾಳದ ಸುತ್ತಲೇ ಇರುತ್ತದೆ. ದಿನ ಕೆಡುವುದು ಮಾತ್ರ ಬೇರೆ ಕಾರಣಕ್ಕೆ. ಬೋಟು ಅಳಿವೆ (ಹೊಳೆ ಕಡಲು ಸೇರುವ ಬಾಯಿ) ದಾಟಿ ಅರ್ಧ ಗಂಟೆಗೆ ಹೊಟ್ಟೆ ತೊಳಸುತ್ತದೆ, ಹತ್ತು ಗಂಟೆಗೆ ಕತ್ತು ಸುಡುತ್ತದೆ, ಹವಾಯಿ ಚಪ್ಪಲಿ ಜಾರಿ ಮೊಣಕಾಲು ಒಡೆಯುತ್ತದೆ. ಹಾಗಾಗಿ ಇಲ್ಲಿ ಮೊದಲು ಮೈಯ ವಿಚಾರ, ಗಾಳದ ವಿಚಾರ ಆಮೇಲೆ. ರಾಡನ್ನು ಬೋಟಿನವರಿಂದಲೂ ಪಡೆಯಬಹುದು. ಮಾತ್ರೆ, ಟೋಪಿ, ಸರಿಯಾದ ಪಾದರಕ್ಷೆ ಅಲ್ಲಿ ಸಿಗುವುದಿಲ್ಲ.

ದಿನ ಗೊತ್ತುಮಾಡುವ ಮುಂಚೆ

ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆಗಸ್ಟ್ ತಿಂಗಳಲ್ಲಿ ನಿಷೇಧ ಮುಗಿದರೂ ಕಡಲು ಹದಕ್ಕೆ ಬಂದಿರುವುದಿಲ್ಲ. ಹೊಸಬರಿಗೆ ಹೇಳಿದ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ. ಆಗ ಬೆಳಗಿನ ಹೊತ್ತು ನೆಲದ ಕಡೆಯಿಂದ ಮೂಡುಗಾಳಿ ಮೆಲ್ಲಗೆ ಬೀಸುತ್ತದೆ, ನೀರು ಹಾಸಿದ ಹಾಗೆ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ. ವಾಯವ್ಯದಿಂದ ಬೀಸಲು ಶುರುವಾದರೆ ಗಿಡ್ಡ ಅಲೆಗಳು ಏಳುತ್ತವೆ. ಆದ್ದರಿಂದ ನಸುಕಿನ ಐದೂವರೆ, ಆರಕ್ಕೆ ಹೊರಟು ಹನ್ನೆರಡು, ಒಂದರೊಳಗೆ ಮರಳುವ ಲೆಕ್ಕ ಇಟ್ಟುಕೊಳ್ಳಿ. ಹತ್ತು ಗಂಟೆಗೆ ಹೊರಡೋಣ ಎನ್ನುವ ಗುಂಪಿಗೆ ಬಿಸಿಲೂ ಅಲೆಯೂ ಒಟ್ಟಿಗೆ ಸಿಗುತ್ತವೆ.

ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ವೇಗದ ಮುನ್ಸೂಚನೆ ಕೊಡುತ್ತದೆ. ಹಿಂದಿನ ಸಂಜೆ ಅದನ್ನು ನೋಡಿ. ಅಲೆ ಒಂದೂವರೆ ಮೀಟರ್ ದಾಟುವ ಸೂಚನೆ ಇದ್ದರೆ ಸಣ್ಣ ಬೋಟಿನಲ್ಲಿ ಹೊಸಬರು ಹೋಗದಿರುವುದೇ ಸರಿ. ಇನ್ನು, ತಾಂಡೇಲರು (ಬೋಟು ನಡೆಸುವ ಮುಖ್ಯಸ್ಥರು) ಬೇಡ ಎಂದರೆ ಬೇಡ. ಮುಂಗಡ ಕೊಟ್ಟಿದ್ದೇವೆ, ಬೆಂಗಳೂರಿನಿಂದ ಬಂದಿದ್ದೇವೆ ಎಂದು ಅವರನ್ನು ಒತ್ತಾಯಿಸಬೇಡಿ. ಅಳಿವೆಯ ಮರಳದಿಣ್ಣೆಯ ಮೇಲೆ ಅಲೆ ಹೇಗೆ ಮುರಿಯುತ್ತಿದೆ ಎಂಬುದನ್ನು ಮೊಬೈಲ್ ತೋರಿಸುವುದಿಲ್ಲ, ಅವರ ಕಣ್ಣಿಗೆ ಕಾಣುತ್ತದೆ.

ಬೋಟಿನವರಿಗೆ ಫೋನ್ ಮಾಡಿದಾಗ ಇಷ್ಟನ್ನು ಕೇಳಿ ಬರೆದಿಟ್ಟುಕೊಳ್ಳಿ:

1. ಜನರನ್ನು ಕರೆದೊಯ್ಯಲು ಬೋಟಿಗೆ ಪರವಾನಗಿ ಇದೆಯೇ, ಎಷ್ಟು ಜನರಿಗೆ? ಆ ಸಂಖ್ಯೆಯಲ್ಲಿ ತಾಂಡೇಲ, ಕಲಾಸಿಗಳೂ (ಬೋಟಿನ ಕೆಲಸದವರು) ಸೇರಿದ್ದಾರೆಯೇ?
2. ಲೈಫ್ ಜಾಕೆಟ್ ಎಲ್ಲರಿಗೂ ಇದೆಯೇ? ಮಕ್ಕಳ ಅಳತೆಯದು ಇದೆಯೇ?
3. ದಡದವರೊಡನೆ, ಬೇರೆ ಬೋಟಿನವರೊಡನೆ ಮಾತಾಡುವ ವಿಎಚ್‌ಎಫ್ ರೇಡಿಯೋ ಇದೆಯೇ?
4. ನೆರಳಿಗೆ ಮಾಡು ಇದೆಯೇ? ಶೌಚಕ್ಕೆ ಏನು ವ್ಯವಸ್ಥೆ? ಮಹಿಳೆಯರು ಇದ್ದರೆ ಈ ಪ್ರಶ್ನೆಯನ್ನು ನಾಚಿಕೆ ಬಿಟ್ಟು ಮೊದಲೇ ಕೇಳಬೇಕು. ಇಲ್ಲದಿದ್ದರೆ ನೀರು ಕುಡಿಯದೆ ಕೂರುತ್ತಾರೆ, ಬಿಸಿಲಿಗೆ ಬೀಳುತ್ತಾರೆ.
5. ರಾಡು, ಗಾಳ, ಎರೆ, ಐಸು, ಐಸ್ ಪೆಟ್ಟಿಗೆ ಇವುಗಳಲ್ಲಿ ಯಾವುದು ಅವರದು, ಯಾವುದು ನಮ್ಮದು?
6. ಹಿಡಿದ ಮೀನು ಯಾರಿಗೆ? ಕೆಲವರು ಎಲ್ಲವನ್ನೂ ಕೊಡುತ್ತಾರೆ, ಕೆಲವರು ಪಾಲು ಇಟ್ಟುಕೊಳ್ಳುತ್ತಾರೆ. ದಕ್ಕೆಗೆ (ಬೋಟು ಕಟ್ಟುವ ಕಟ್ಟೆ) ಬಂದ ಮೇಲೆ ಈ ಮಾತು ತೆಗೆದರೆ ಮನಸ್ತಾಪ ಖಂಡಿತ.
7. ಹೋಗುವ ಜಾಗದಲ್ಲಿ ಗಾಳ ಹಾಕಲು ಅಡ್ಡಿ ಇಲ್ಲವೇ? ನೇತ್ರಾಣಿಯಂಥ ದ್ವೀಪದ ಸುತ್ತ ನೀರಿನಡಿ ಸ್ಕೂಬಾದವರು ಇರುತ್ತಾರೆ. ಅವರ ತಲೆಯ ಮೇಲೆ ಗಾಳದ ದಾರಕ್ಕೆ ಕಟ್ಟಿದ ಸೀಸದ ಗುಂಡು ಬಿಡುವ ಹಾಗಾಗಬಾರದು.

ಮೂಲ ಗುರುತಿನ ಚೀಟಿ ಎಲ್ಲರ ಬಳಿಯೂ ಇರಲಿ. ಕಡಲಿನಲ್ಲಿ ಕರಾವಳಿ ಕಾವಲು ಪೊಲೀಸರೋ ಕೋಸ್ಟ್ ಗಾರ್ಡ್‌ನವರೋ ತಡೆದು ಕೇಳಬಹುದು.

ಹಿಂದಿನ ರಾತ್ರಿ: ಹೊಟ್ಟೆಯ ತಯಾರಿ

ಕಡಲ ವಾಂತಿ ಹೇಡಿತನವೂ ಅಲ್ಲ, ಗಟ್ಟಿ ಮನಸ್ಸಿನಿಂದ ತಡೆಯುವಂಥದ್ದೂ ಅಲ್ಲ. ಕಿವಿಯೊಳಗಿನ ಸಮತೋಲದ ಅಂಗ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ಬೋಟಿನ ಹಲಗೆಯನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಆ ಜಗಳಕ್ಕೆ ಹೊಟ್ಟೆ ಕೆಡುತ್ತದೆ.

ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಔಷಧದ ಅಂಗಡಿಯಲ್ಲಿ ಅವೊಮಿನ್ ಹೆಸರಿನಲ್ಲಿ ಸಿಗುವ ಪ್ರೊಮೆಥಜಿನ್ 25 ಮಿಲಿಗ್ರಾಂ ಮಾತ್ರೆಯನ್ನು ದೊಡ್ಡವರು ಹೊರಡುವ ಒಂದೆರಡು ಗಂಟೆ ಮೊದಲು, ಇಲ್ಲವೇ ಹಿಂದಿನ ರಾತ್ರಿ ಮಲಗುವಾಗ ತೆಗೆದುಕೊಳ್ಳುವುದು ರೂಢಿ. ಅದು ನಿದ್ದೆ ಬರಿಸುತ್ತದೆ, ಮದ್ಯದ ಜೊತೆ ಸೇರಿದರೆ ಇನ್ನೂ ಹೆಚ್ಚು. ಮಾತ್ರೆ ತೆಗೆದುಕೊಂಡವರು ದಡಕ್ಕೆ ಬಂದ ಕೂಡಲೇ ಕಾರು ಓಡಿಸಬಾರದು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು, ಗರ್ಭಿಣಿಯರು, ಬೇರೆ ಔಷಧದಲ್ಲಿರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ಅಂದಾಜಿನಲ್ಲಿ ಅರ್ಧ ಮುರಿದು ಕೊಡಬೇಡಿ. ಎರಡು ವರ್ಷದೊಳಗಿನವರಿಗಂತೂ ಈ ಔಷಧ ಕೊಡಲೇಬಾರದು.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ನೇರವಾಗಿ ಬೋಟು ಹತ್ತುವುದು ತೀರಾ ಕೆಟ್ಟ ಯೋಜನೆ. ಘಾಟಿಯ ತಿರುವಿನಲ್ಲಿ ಅರ್ಧ ಕೆಟ್ಟ ಹೊಟ್ಟೆ, ನಿದ್ದೆಗೆಟ್ಟ ತಲೆ ಎರಡನ್ನೂ ಕಡಲು ಕ್ಷಮಿಸುವುದಿಲ್ಲ. ಒಂದು ದಿನ ಮೊದಲೇ ಬಂದು ಮಲಗಿ. ರಾತ್ರಿ ಗಂಜಿಯೋ ಅನ್ನ-ಸಾರೋ ಸಾಕು, ಕುಡಿತ ಬೇಡ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಎರಡು ಇಡ್ಲಿ ಅಥವಾ ಬ್ರೆಡ್ಡು ತಿಂದು ಹೊರಡಿ.

ಮೈಮೇಲೆ ಏನಿರಬೇಕು

*ಅಂಗಿ.* ತಿಳಿ ಬಣ್ಣದ, ತುಂಬು ತೋಳಿನ, ತೆಳುವಾದ ಪಾಲಿಯೆಸ್ಟರ್ ಅಂಗಿ. ಯುಪಿಎಫ್ 50 (ಬಟ್ಟೆ ಅತಿನೇರಳೆ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಎಂದು ಬರೆದದ್ದು ಸಿಕ್ಕರೆ ಒಳ್ಳೆಯದು. ನೆಲದ ಮೇಲೆ ಹತ್ತಿ ಹಿತ. ಬೋಟಿನಲ್ಲಿ ಒದ್ದೆಯಾದ ಹತ್ತಿ ಮೈಗೆ ಅಂಟಿಕೊಂಡು ಒಣಗುವುದೇ ಇಲ್ಲ, ಉಪ್ಪುನೀರು ಕಂಕುಳಲ್ಲಿ ತಿಕ್ಕಿ ಉರಿ ಬರಿಸುತ್ತದೆ. ಕಾಲರ್ ಎತ್ತಿ ನಿಲ್ಲಿಸುವಂಥದ್ದಿರಲಿ. ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ, ನೀರಿನಿಂದ ಚಿಮ್ಮಿ ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೂ ತಟ್ಟುತ್ತದೆ.

*ಪ್ಯಾಂಟು.* ಬೇಗ ಒಣಗುವ ತೆಳು ಟ್ರ್ಯಾಕ್ ಪ್ಯಾಂಟು. ಜೀನ್ಸ್ ಬೇಡವೇ ಬೇಡ: ಒದ್ದೆಯಾದರೆ ಭಾರ, ನೀರಿಗೆ ಬಿದ್ದರೆ ಕಾಲು ಆಡಿಸಲು ಕಷ್ಟ. ಲುಂಗಿ, ಸೀರೆ, ದುಪಟ್ಟಾ ಕೂಡ ಬೇಡ. ಕಲಾಸಿಗಳು ಲುಂಗಿ ಎತ್ತಿಕಟ್ಟಿ ಸಲೀಸಾಗಿ ಓಡಾಡುತ್ತಾರೆ, ಅದು ಅವರ ವರ್ಷಗಳ ಅಭ್ಯಾಸ. ನಮ್ಮ ಸೆರಗು, ಅಂಚು ಮೂರು ಮುಳ್ಳಿನ ಗಾಳಕ್ಕೋ ಎಂಜಿನ್ನಿನ ಬೆಲ್ಟಿಗೋ ಸಿಕ್ಕಿಕೊಳ್ಳುವುದಕ್ಕೆ ಕ್ಷಣ ಸಾಕು.

*ಪಾದ.* ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಅಥವಾ ಬೆರಳು ಮುಚ್ಚುವ ಕ್ಯಾನ್ವಾಸ್ ಶೂ. ಅಡಿ ಮೆತ್ತಗೆ, ಗೆರೆಗೆರೆಯಾಗಿ ಇರಬೇಕು, ಹಲಗೆಯ ಮೇಲೆ ಕಪ್ಪು ಗುರುತು ಬಿಡಬಾರದು. ಮೀನಿನ ಲೋಳೆ ಬಿದ್ದ ಫೈಬರ್ ಹಲಗೆ ಸಾಬೂನು ಹಚ್ಚಿದ ಕಲ್ಲಿನ ಹಾಗೆ. ಅಲ್ಲಿ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ, ಚರ್ಮದ ಶೂ ಹಾಳಾಗುತ್ತದೆ. ಬರಿಗಾಲೂ ಬೇಡ, ಹಲಗೆಯ ಮೇಲೆ ಗಾಳವೂ ಮೀನಿನ ಮುಳ್ಳೂ ಬಿದ್ದಿರುತ್ತವೆ.

*ತಲೆ, ಕಣ್ಣು.* ಸುತ್ತಲೂ ಅಂಚಿರುವ, ಗದ್ದಕ್ಕೆ ದಾರ ಕಟ್ಟುವ ಟೋಪಿ. ಕ್ರಿಕೆಟ್ ಕ್ಯಾಪ್ ಕಿವಿ, ಕತ್ತನ್ನು ಬಿಟ್ಟುಬಿಡುತ್ತದೆ. ಅದೇ ಇದ್ದರೆ ಕತ್ತಿಗೆ ಕೊಳವೆಯಂಥ ಬಟ್ಟೆ ಏರಿಸಿಕೊಳ್ಳಿ. ಕನ್ನಡಕ ಪೋಲರೈಸ್ಡ್ ಇರಲಿ. ಅದು ನೀರಿನ ಹೊಳಪನ್ನು ಕತ್ತರಿಸಿ ಮೇಲ್ಪದರದಲ್ಲಿ ಓಡುವ ಮೀನನ್ನು, ಬಂಡೆಯ ನೆರಳನ್ನು ತೋರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಕ್ಕದವರು ಬೀಸಿದ ಗಾಳದಿಂದ ಕಣ್ಣನ್ನು ಕಾಯುತ್ತದೆ. ಕನ್ನಡಕಕ್ಕೂ ಹಿಂದಿನಿಂದ ದಾರ ಕಟ್ಟಿ.

*ಬಿಸಿಲಿನ ಕ್ರೀಮು.* ಎಸ್‌ಪಿಎಫ್ 30ರಿಂದ 50ರ ನೀರು ತಡೆಯುವ ಕ್ರೀಮನ್ನು ಹೊರಡುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಮರೆಯುವ ಜಾಗ ಕಿವಿಯ ತುದಿ, ಪಾದದ ಮೇಲ್ಭಾಗ, ಅಂಗೈ ಹಿಂಬದಿ. ಹಚ್ಚಿದ ಮೇಲೆ ಬೆರಳು ತೊಳೆಯದೆ ಎರೆ ಮುಟ್ಟಬೇಡಿ, ವಾಸನೆ ಅದಕ್ಕೆ ಹತ್ತುತ್ತದೆ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ದ್ರವ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ, ಆ ಕೈಯಲ್ಲಿ ರೀಲು, ಕನ್ನಡಕ ಹಿಡಿಯಬಾರದು.

*ಉಂಗುರ ತೆಗೆದಿಡಿ.* ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಓಡುವ ಮೀನಿನ ದಾರ ಉಂಗುರದಡಿ ಸಿಕ್ಕಿದರೆ ಬೆರಳಿನ ಚರ್ಮವೇ ಕಿತ್ತು ಬರುತ್ತದೆ. ಬ್ರೇಡ್ (ಎಳೆಗಳನ್ನು ಹೆಣೆದು ಮಾಡಿದ ತೆಳು) ದಾರವನ್ನು ಅಂಗೈಗೆ ಸುತ್ತಿ ಎಳೆಯುವುದೂ ಅಷ್ಟೇ ಅಪಾಯ. ಉದ್ದ ಸರ, ತಾಳಿ ಅಂಗಿಯೊಳಗಿರಲಿ, ಜಡೆ ಬಿಗಿಯಾಗಿರಲಿ.

ಇದರ ಮೇಲೊಂದು ತೆಳು ಮಳೆಯಂಗಿ ಡಿಸೆಂಬರ್‌ನಲ್ಲೂ ಬೇಕು. ನಸುಕಿನಲ್ಲಿ ಓಡುವ ಬೋಟಿನ ಗಾಳಿಗೆ ಚಳಿ ಹಿಡಿಯುತ್ತದೆ. ಮಧ್ಯಾಹ್ನ ಮರಳುವಾಗ ನೀರು ಹಾರುತ್ತದೆ. ಪೂರ್ವಕ್ಕೆ ಮುಖ ಮಾಡಿ ದಡಕ್ಕೆ ಬರುವ ಬೋಟಿಗೆ ವಾಯವ್ಯದ ಅಲೆ ಎಡ ಹಿಂಬದಿಯಿಂದ ತಾಗುತ್ತದೆ. ಚೀಲ, ಕ್ಯಾಮೆರಾ ಬಲಬದಿಗೆ ಇಟ್ಟುಕೊಂಡರೆ ಅಷ್ಟು ನೆನೆಯುವುದಿಲ್ಲ.

ಲೈಫ್ ಜಾಕೆಟ್ಟನ್ನು ಹಾಕಿ ನೋಡದೆ ಒಪ್ಪಿಕೊಳ್ಳಬೇಡಿ. ಮೂರೂ ಬಕಲ್ ಹಾಕಿ ಪಟ್ಟಿ ಬಿಗಿದ ಮೇಲೆ ಯಾರಾದರೂ ಎರಡೂ ಭುಜದ ಬಳಿ ಹಿಡಿದು ಮೇಲೆತ್ತಲಿ. ಜಾಕೆಟ್ಟು ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ. ನೀರಿನಲ್ಲಿ ತಲೆ ಅದರೊಳಗೆ ಮುಳುಗುತ್ತದೆ. ಮಕ್ಕಳಿಗೆ ತೊಡೆಯ ನಡುವೆ ಬರುವ ಪಟ್ಟಿ ಇರುವುದನ್ನೇ ತನ್ನಿ. ಅಳಿವೆ ದಾಟುವ ಹೊತ್ತೇ ಅತಿ ಅಪಾಯದ ಹೊತ್ತಾದ್ದರಿಂದ ದಕ್ಕೆಯಲ್ಲೇ ತೊಟ್ಟು, ಮರಳಿ ದಕ್ಕೆ ಮುಟ್ಟಿದ ಮೇಲೆಯೇ ತೆಗೆಯಿರಿ.

ಚೀಲ

ಒಬ್ಬರಿಗೆ ಒಂದೇ ಚೀಲ, ಅದೂ ಮೆತ್ತನೆಯದು. ಸೂಟ್‌ಕೇಸು, ಗಟ್ಟಿ ಪೆಟ್ಟಿಗೆ ಬೋಟಿನಲ್ಲಿ ಎಲ್ಲರ ಕಾಲಿಗೂ ತಾಗುತ್ತದೆ. 10ರಿಂದ 20 ಲೀಟರಿನ, ಬಾಯಿ ಮೂರು ಸುತ್ತು ಮಡಚಿ ಕಟ್ಟುವ ಡ್ರೈ ಬ್ಯಾಗ್ ಉತ್ತಮ. ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನು ಒಳಗೆ ಹಾಸಿದ ಸಾದಾ ಚೀಲವೂ ನಡೆಯುತ್ತದೆ. ಒಳಗೆ ಒಂದು ಜೊತೆ ಒಣ ಬಟ್ಟೆ, ಸಣ್ಣ ಟವೆಲ್ ಎರಡು (ಒಂದು ಮುಖಕ್ಕೆ, ಒಂದು ಮೀನಿನ ಕೈಗೆ), ದಾರವಿರುವ ಕವಚದಲ್ಲಿ ಮೊಬೈಲು, ಗುರುತಿನ ಚೀಟಿ, ಸ್ವಲ್ಪ ನಗದು, ನಿಮ್ಮ ದಿನದ ಮಾತ್ರೆಗಳು. ಕಾರಿನ ರಿಮೋಟ್ ಕೀಲಿಯನ್ನು ಜಿಪ್ ಕವರಿನಲ್ಲಿ ಹಾಕಿ ಒಳಗೇ ಇಡಿ. ಜೇಬಿನಲ್ಲಿ ಉಪ್ಪುನೀರು ಕುಡಿದ ಕೀಲಿಯಿಂದ ಸಂಜೆ ಕಾರಿನ ಬಾಗಿಲು ತೆರೆಯುವುದಿಲ್ಲ.

ಮೊಬೈಲಿನಲ್ಲಿ ಎರಡು ಸಂಖ್ಯೆ ಉಳಿಸಿಕೊಳ್ಳಿ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ದಡ ಬಿಟ್ಟು ದೂರ ಹೋದ ಹಾಗೆ ಸಿಗ್ನಲ್ ಹೋಗುತ್ತದೆ. ಹಾಗಾಗಿ ಯಾವ ಬೋಟು, ಎಷ್ಟು ಜನ, ಎಷ್ಟು ಗಂಟೆಗೆ ಮರಳುತ್ತೀರಿ ಎಂದು ದಡದಲ್ಲಿರುವ ಒಬ್ಬರಿಗೆ ಹೇಳಿಯೇ ಹೊರಡಿ. ಬೋಟಿನ ಮೈಮೇಲೆ ಐಎನ್‌ಡಿ-ಕೆಎ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ, ಅದರ ಫೋಟೋ ತೆಗೆದು ಅವರಿಗೆ ಕಳಿಸಿ.

ನೀರು, ಊಟ

ಅರ್ಧ ದಿನಕ್ಕೆ ತಲೆಗೆ ಮೂರು ಲೀಟರ್ ನೀರು. ಜಾಸ್ತಿ ಅನಿಸಬಹುದು, ಉಳಿದರೆ ಉಪ್ಪು ಹಿಡಿದ ಕೈ, ಕನ್ನಡಕ ತೊಳೆಯಲು ಬರುತ್ತದೆ. ಒಂದು ಲೀಟರಿಗೆ ಒಂದರಂತೆ ಓಆರ್‌ಎಸ್ ಪೊಟ್ಟಣ ಎರಡು ಇರಲಿ. ಪುನರ್ಪುಳಿ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿ ಒಯ್ದರೆ ಬಾಯಿಗೂ ರುಚಿ.

ತಿನ್ನಲು ಇಡ್ಲಿ-ಚಟ್ನಿಪುಡಿ, ಒಣ ಅವಲಕ್ಕಿ, ಚಪಾತಿ ಸುರುಳಿ, ಕಡಲೆ ಚಿಕ್ಕಿ, ಬಾಳೆಹಣ್ಣು. ಒಂದೇ ಕೈಯಲ್ಲಿ ಹಿಡಿದು ತಿನ್ನುವಂತಿರಬೇಕು, ಇನ್ನೊಂದು ಕೈ ಕಂಬ ಹಿಡಿದಿರುತ್ತದೆ. ಕಾಯಿಚಟ್ನಿ ಆ ಶೆಕೆಗೆ ಹಳಸುತ್ತದೆ. ಗೋಳಿಬಜೆ, ಬಿರಿಯಾನಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಒಣ ಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಾಯಾಗುತ್ತದೆ. ಬಿಯರ್ ಬಾಟಲಿ ಒಯ್ಯಲೇಬೇಡಿ.

ಗಾಳದ ಸಾಮಾನು

ಸ್ವಂತದ್ದು ಒಯ್ಯುವವರಿಗೆ ಮಾತ್ರ ಈ ಭಾಗ. ಆರೂವರೆ, ಏಳು ಅಡಿಯ ಎರಡು ತುಂಡಿನ ರಾಡು, 5000ದಿಂದ 8000 ಅಳತೆಯ ಸ್ಪಿನ್ನಿಂಗ್ ರೀಲು, 30ರಿಂದ 50 ಪೌಂಡಿನ (ಹರಿಯದೆ ತಡೆಯುವ ಎಳೆತದ ಅಳತೆ) ಬ್ರೇಡ್ ಕನಿಷ್ಠ 200 ಮೀಟರ್. ಬ್ರೇಡಿನ ತುದಿಗೆ 60 ಪೌಂಡಿನ ನೈಲಾನ್ ದಾರವನ್ನು ಲೀಡರ್ (ಗಾಳದ ಬಳಿಯ ತುದಿದಾರ) ಆಗಿ ಒಂದೂವರೆ ಮೀಟರ್ ಕಟ್ಟಿ. ಬಂಡೆಗೆ ಉಜ್ಜಿದರೆ ಬ್ರೇಡ್ ಕೂಡಲೇ ಹರಿಯುತ್ತದೆ, ನೈಲಾನ್ ತಡೆಯುತ್ತದೆ. ಅಂಜಲ್, ಬರಾಕುಡಾ ಮೀನುಗಳ ಹಲ್ಲು ನೈಲಾನನ್ನೂ ಕತ್ತರಿಸುವುದರಿಂದ ಗಾಳಕ್ಕೆ ಮೊದಲು 20-30 ಸೆಂಟಿಮೀಟರ್ ಸ್ಟೀಲ್ ತಂತಿ ಬೇಕು. ಅಂಜಲ್‌ಗೆ ಓಡುವ ಬೋಟಿನ ಹಿಂದೆ ಎಳೆಯುವ ಮೀನಿನಾಕಾರದ ಲೂರ್ (ನಕಲಿ ಎರೆ). ಬಂಡೆಯ ಬಳಿ ಇರುವ ಮುರು, ಕೆಂಬೇರಿ ಮೀನುಗಳಿಗೆ 60ರಿಂದ 120 ಗ್ರಾಂ ಜಿಗ್ (ನೀರಿನಲ್ಲಿ ಮೇಲೆ ಕೆಳಗೆ ಕುಣಿಸುವ ಲೋಹದ ನಕಲಿ ಎರೆ), ಅಥವಾ ಬಂಗುಡೆ, ಬೊಂಡಾಸ್ (ಸ್ಕ್ವಿಡ್) ತುಂಡು ಚುಚ್ಚಿದ ಗಾಳ. ಜಿಗ್ ಬಂಡೆಗೆ ಸಿಕ್ಕಿ ಹೋಗುತ್ತಲೇ ಇರುತ್ತದೆ, ಒಬ್ಬರಿಗೆ ಐದಾರಾದರೂ ಇರಲಿ.

ಗಾಳ ಕಳಚುವ ಉದ್ದ ಮೂತಿಯ ಇಕ್ಕಳ, ಬ್ರೇಡ್ ಕತ್ತರಿಸುವ ಕತ್ತರಿ, ಒಂದು ಜೊತೆ ಕೈಗವಸು ಮರೆಯಬೇಡಿ. ರಾಡನ್ನು ಬಸ್ಸಿನಲ್ಲಿ ತರುವವರು ಮೂರಿಂಚಿನ ಪಿವಿಸಿ ಕೊಳವೆಯಲ್ಲಿ ಎರಡೂ ಕಡೆ ಮುಚ್ಚಳ ಹಾಕಿ ತನ್ನಿ. ಗಾಳ, ಚಾಕು, ಇಕ್ಕಳ ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ.

ಐಸು: ಎಲ್ಲರೂ ಕಡಿಮೆ ಒಯ್ಯುವ ವಸ್ತು

ನಮ್ಮ ಶೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು. ಹತ್ತು ಕಿಲೋ ಮೀನಿನ ಆಸೆ ಇದ್ದರೆ ಹತ್ತು ಕಿಲೋ ಪುಡಿ ಐಸು, 40-50 ಲೀಟರಿನ ಪೆಟ್ಟಿಗೆ. ಬಂದರಿನ ಐಸ್ ಪ್ಲಾಂಟಿನಲ್ಲಿ ಪುಡಿ ಮಾಡಿಸಿ ತನ್ನಿ. ಬಿಸಿಲಲ್ಲಿ ಕಾದ ಪೆಟ್ಟಿಗೆಗೆ ಸುರಿದರೆ ಪೆಟ್ಟಿಗೆಯನ್ನು ತಂಪು ಮಾಡುವುದಕ್ಕೇ ಕಾಲುಭಾಗ ಕರಗುತ್ತದೆ. ಹಿಂದಿನ ರಾತ್ರಿ ಎರಡು ಕಿಲೋ ಐಸು ಹಾಕಿ ಮುಚ್ಚಿಡಿ. ಕುಡಿಯುವ ನೀರಿಗೆ ಬೇರೆ ಪೆಟ್ಟಿಗೆ. ಒಂದೇ ಆದರೆ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆರೆದು ಮೀನು ಕೆಡುತ್ತದೆ.

ಬಂಗುಡೆ, ಕೇದರ್ (ಟ್ಯೂನಾ), ಅಂಜಲ್ ಇವುಗಳ ಮಾಂಸ ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಹುಟ್ಟುತ್ತದೆ. ಅದು ಕುದಿಸಿದರೂ ಹುರಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ಎದೆ ಹೊಡೆದುಕೊಳ್ಳುವುದು. ಮೀನಿನ ಅಲರ್ಜಿ ಎಂದು ಎಷ್ಟೋ ಜನ ತಪ್ಪು ತಿಳಿಯುತ್ತಾರೆ, ಅಸಲಿಗೆ ಐಸಿನ ಕೊರತೆ. ಮಾಡಬೇಕಾದದ್ದು ಹೀಗೆ: ಮೀನು ಹತ್ತಿದ ಕೂಡಲೇ ಕಿವಿರಿನ ಬುಡ ಕತ್ತರಿಸಿ ರಕ್ತ ಹರಿಯಲು ಬಿಡಿ. ಎರಡು ಪಾಲು ಐಸು, ಒಂದು ಪಾಲು ಕಡಲ ನೀರು ಕಲಸಿದ ಕೆಸರಿನಂಥ ಐಸಿನಲ್ಲಿ ಮುಳುಗಿಸಿ. ತಂಪು ಎಲ್ಲ ಬದಿಯಿಂದ ತಾಗಿ ಬೇಗ ಇಳಿಯುತ್ತದೆ. ದೊಡ್ಡ ಮೀನಾದರೆ ಹೊಟ್ಟೆ ಸೀಳಿ, ಕರುಳು ತೆಗೆದು, ಒಳಗೂ ಐಸು ತುಂಬಿ. ತಣ್ಣಗಾದ ಮೇಲೆ ನೀರು ಬಸಿದು ನೀರಿಲ್ಲದ ಪುಡಿ ಐಸಿನ ನಡುವೆ ಇಡಿ. ಕರಗಿದ ಸಿಹಿನೀರಿನಲ್ಲಿ ನೆನೆದ ಮೀನಿನ ಮಾಂಸ ಮೆತ್ತಗಾಗಿ ಬಣ್ಣ ಕಳೆದುಕೊಳ್ಳುತ್ತದೆ.

ಪ್ರಥಮ ಚಿಕಿತ್ಸೆಯ ಡಬ್ಬಿ

ಬ್ಯಾಂಡೇಜು, ಆಂಟಿಸೆಪ್ಟಿಕ್, ಪ್ಯಾರಾಸಿಟಮಾಲ್, ಚಿಮುಟ ಎಲ್ಲರೂ ಇಡುತ್ತಾರೆ. ನಮ್ಮ ಕಡಲಿಗೆ ಇನ್ನೊಂದು ಬೇಕು: ಒಂದು ಲೀಟರ್ ಥರ್ಮಾಸ್ ಬಿಸಿನೀರು. ತೇಡೆ ಮೀನಿನ (ಕಡಲ ಬೆಕ್ಕುಮೀನು) ಬೆನ್ನು ಮತ್ತು ಎದೆಯ ಬದಿಯ ಮುಳ್ಳು, ತೊರಕೆಯ (ಸ್ಟಿಂಗ್‌ರೇ) ಬಾಲದ ಮುಳ್ಳು ಚುಚ್ಚಿದರೆ ನೋವು ತಡೆಯಲಾಗದು. ಆ ವಿಷ ಶಾಖಕ್ಕೆ ಕೆಡುವಂಥದ್ದು. 45 ಡಿಗ್ರಿಗಿಂತ ಹೆಚ್ಚಿಲ್ಲದ, ಚರ್ಮ ಸುಡದಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ಇಳಿಯುತ್ತದೆ. ಬಿಸಿಯನ್ನು ಗಾಯವಾಗದ ಕೈಯಿಂದ ಪರೀಕ್ಷಿಸಿ, ನೋವಿನ ಕೈಗೆ ಸುಡುವುದು ಗೊತ್ತಾಗುವುದಿಲ್ಲ. ಎಂಜಿನ್ ತಂಪು ಮಾಡಿ ಹೊರಬರುವ ನೀರೂ ಬೆಚ್ಚಗಿರುತ್ತದೆ, ಆದರೆ ಕೊಳಕು. ಥರ್ಮಾಸ್ ಇಲ್ಲದಿದ್ದರೆ ಮಾತ್ರ ಅದು. ಮುಳ್ಳು ಎದೆ, ಹೊಟ್ಟೆ, ಕತ್ತಿಗೆ ಆಳವಾಗಿ ನಾಟಿದ್ದರೆ ಕೀಳದೆ ಹಾಗೇ ಆಸ್ಪತ್ರೆಗೆ.

ಗಾಳದ ಮೊನೆ ಚರ್ಮಕ್ಕೆ ಹೊಕ್ಕು ಮರುಮುಳ್ಳೂ ಒಳಗಾದರೆ ಎಳೆದಾಡಬೇಡಿ. ದಾರ ಕತ್ತರಿಸಿ, ಗಾಳ ಅಲುಗದಂತೆ ಬಟ್ಟೆ ಸುತ್ತಿ ವೈದ್ಯರ ಬಳಿ ಹೋಗಿ. ಕಣ್ಣಿನ ಸುತ್ತ ಆಗಿದ್ದರೆ ಮುಟ್ಟಲೇಬೇಡಿ. ಟಿಟಿ ಚುಚ್ಚುಮದ್ದು ಯಾವಾಗ ಆಗಿತ್ತೆಂದು ಹೊರಡುವ ಮೊದಲೇ ನೆನಪು ಮಾಡಿಕೊಂಡಿರಿ.

ಬೋಟು ಹತ್ತಿದ ಮೇಲೆ

ಹೊಟ್ಟೆ ಸೂಕ್ಷ್ಮದವರು ನಡುಭಾಗದಿಂದ ಸ್ವಲ್ಪ ಹಿಂದೆ, ಡೀಸೆಲ್ ಹೊಗೆ ಬಡಿಯದ ಕಡೆ ನಿಲ್ಲಿ. ಮೂತಿಯ ತುದಿ ಎಲ್ಲಕ್ಕಿಂತ ಹೆಚ್ಚು ಏರಿಳಿಯುತ್ತದೆ. ಕಣ್ಣು ದಿಗಂತದ ಗೆರೆಯ ಮೇಲಿರಲಿ. ಗಂಟು ಕಟ್ಟುವುದು, ಮೊಬೈಲ್ ನೋಡುವುದು ದಡದಲ್ಲೇ ಮುಗಿದಿರಲಿ. ವಾಂತಿ ಬಂದರೆ ಗಾಳಿ ಬೆನ್ನಿಗೆ ತಾಗುವ ಬದಿಗೆ ಹೋಗಿ, ಕಟ್ಟೆ ಹಿಡಿದು ಬಗ್ಗಿ, ಹಿಂದಿನಿಂದ ಒಬ್ಬರು ಜಾಕೆಟ್ ಹಿಡಿದುಕೊಳ್ಳಲಿ. ಆಮೇಲೆ ಬಾಯಿ ಮುಕ್ಕಳಿಸಿ ಗುಟುಕು ಗುಟುಕಾಗಿ ಓಆರ್‌ಎಸ್.

ಬೀಸುವ ಮೊದಲು ಹಿಂದೆ ತಿರುಗಿ ನೋಡಿ, ‘ಬೀಸ್ತೇನೆ’ ಎಂದು ಕೂಗಿ. ಆಮೆ ಗಾಳಕ್ಕೆ ಬಿದ್ದರೆ, ತಿಮಿಂಗಿಲ ಶಾರ್ಕ್ ಹತ್ತಿರ ಬಂದರೆ ತಾಂಡೇಲರಿಗೆ ಹೇಳಿ. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳು. ಆಮೆಯನ್ನು ದಾರ ಹಿಡಿದು ಮೇಲೆತ್ತದೆ, ಆದಷ್ಟು ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಬೇಕು. ಬೇಡದ ಸಣ್ಣ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ಮರಳಿ ಬಿಡಿ, ಒಣ ಬಟ್ಟೆ ಅದರ ಮೈಯ ಲೋಳೆ ಕಿತ್ತುಬಿಡುತ್ತದೆ. ತುಂಡಾದ ದಾರವನ್ನು ನೀರಿಗೆ ಎಸೆಯಬೇಡಿ. ಅದು ಹಕ್ಕಿ, ಆಮೆಗಳ ಕಾಲಿಗೆ, ಇಲ್ಲದಿದ್ದರೆ ಅದೇ ಬೋಟಿನ ಪ್ರೊಪೆಲ್ಲರಿಗೆ ಸುತ್ತುತ್ತದೆ. ಖಾಲಿ ನೀರಿನ ಬಾಟಲಿಯೊಳಗೆ ತುರುಕಿ ದಡಕ್ಕೆ ತನ್ನಿ.

ಇಳಿದ ದಿನವೇ ರೀಲಿನ ಡ್ರ್ಯಾಗ್ (ದಾರ ಎಷ್ಟು ಬಿಗಿಯಲ್ಲಿ ಬಿಚ್ಚಬೇಕೆಂದು ಹೊಂದಿಸುವ ತಿರುಪು) ಬಿಗಿ ಮಾಡಿ ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ಪೈಪಿನ ರಭಸದ ನೀರು ಉಪ್ಪನ್ನು ಒಳಕ್ಕೆ ತಳ್ಳುತ್ತದೆ. ಒರೆಸಿ, ಡ್ರ್ಯಾಗ್ ಮತ್ತೆ ಸಡಿಲಿಸಿ, ನೆರಳಿನಲ್ಲಿ ಒಣಗಿಸಿ. ಮೀನನ್ನು ಬೆಂಗಳೂರಿಗೆ ಒಯ್ಯುವುದಾದರೆ ತುಂಡು ಮಾಡಿಸಿ ಜಿಪ್ ಕವರಿನಲ್ಲಿ ಹಾಕಿ, ಪೆಟ್ಟಿಗೆಯ ಹಳೆಯ ಐಸು ಪೂರ್ತಿ ಚೆಲ್ಲಿ ಹೊಸದು ತುಂಬಿ, ಮುಚ್ಚಳದ ಸುತ್ತ ಟೇಪು ಹಾಕಿ. ದಾರಿಯಲ್ಲಿ ಹಾಸನದ ಹತ್ತಿರ ಒಮ್ಮೆ ತೆರೆದು ನೋಡಿ. ಐಸು ಅರ್ಧಕ್ಕಿಂತ ಕೆಳಗಿಳಿದಿದ್ದರೆ ಅಲ್ಲೇ ಸೇರಿಸಿ.